ಜನಾಬಾಯಿಗೆ ದಿನಕ್ಕೊಂದು ಸಾಲು

ಔರಾದ
೧೮ ಜೂನ್ ೧೯೫೦

ಮಗನಂಥ ಬರ್ಖುರ್ದಾರ ಜ್ಞಾನೇಶ್ವರನಿಗೆ ಉಸ್ತಾದನ ದುವಾ.

ಭಾಲ್ಕಿ ಸ್ಟೇಷನ್ನಿನ ಮಾಲು ಗೋದಾಮಿನಲ್ಲಿ ಗುಮಾಸ್ತನಾದ ಮೇಲೆ ನೀನು ದೊಡ್ಡ ಮನುಷ್ಯನಾದೆ. ಔರಾದಿಗೆ ಬರುವ ಬಸ್ಸು ನಿನ್ನ ಕಣ್ಣಿಗೆ ಬೀಳುವುದೇ ಇಲ್ಲ. ಹೋದ ತಿಂಗಳು ನಿನ್ನ ತಾಯಿಗೆ ನೀನು ಬರೆದ ಕಾಗದವನ್ನು ಎಂದಿನಂತೆ ನಾನೇ ಓದಿ ಹೇಳಿದೆ. ಎಲ್ಲ ಸೇರಿ ನಾಲ್ಕು ಸಾಲು. ಓದಿ ಮಡಚಿ ಕೊಟ್ಟ ಮೇಲೂ ಜನಾಬಾಯಿ ಎದ್ದು ಹೋಗಲಿಲ್ಲ. ಉಣ್ಣೆ ನೂಲುವ ಕದಿರನ್ನು ತಿರುಗಿಸುತ್ತ, ಇನ್ನೂ ಏನೋ ಬಾಕಿ ಇದೆ ಎಂಬ ಹಾಗೆ ಕೂತೇ ಇದ್ದಳು. ಬೈಯುವುದು ಇಷ್ಟು ಸಾಕು, ಈಗ ನನ್ನ ಕಥೆ ಕೇಳು.

ಮೇಲಿನಿಂದ ಹುಕುಂ ಬಂದಿದೆ. ಮುಂದಿನ ವರ್ಷದಿಂದ ನಮ್ಮ ಶಾಲೆಯಲ್ಲಿ ಸಣ್ಣ ತರಗತಿಗಳ ಪಾಠವೆಲ್ಲ ಕನ್ನಡದಲ್ಲಿ. ಕನ್ನಡ ಓದಲು ಬರೆಯಲು ಬಾರದ ಮಾಸ್ತರರು ಬರುವ ಬೇಸಿಗೆಯೊಳಗೆ ಬೀದರಿಗೆ ಹೋಗಿ ಪರೀಕ್ಷೆ ಕೊಡಬೇಕು. ಪಾಸಾದರೆ ನೌಕರಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹುಕುಮ್ಮನ್ನು ದೂರಲು ನನಗೆ ಬಾಯಿಲ್ಲ. ನಿಜಾಮರ ಕಾಲದಲ್ಲಿ, ಮನೆಯಲ್ಲಿ ಉರ್ದುವಿನ ಗಾಳಿಯೂ ಬೀಸದ ಮಕ್ಕಳನ್ನು ಕೂರಿಸಿ ಉರ್ದು ಕಲಿಸಿದವನು ನಾನೇ. ಅವರಲ್ಲಿ ನೀನೂ ಒಬ್ಬ. ಮಕ್ಕಳಿಗೆ ಅವರ ಮಾತಿನಲ್ಲಿ ಕಲಿಸುವುದು ನ್ಯಾಯ. ಆದರೆ ಕನ್ನಡ ನನ್ನ ನಾಲಗೆಯ ಮೇಲಿದೆಯೇ ಹೊರತು ಕಣ್ಣಿನಲ್ಲಿಲ್ಲ, ಕೈಯಲ್ಲಿಲ್ಲ. ಬಜಾರಿನಲ್ಲಿ ಬದನೆಕಾಯಿಗೆ ಜಗಳವಾಡುವಷ್ಟು ಬರುತ್ತದೆ. ಅಂಗಡಿಯ ಬೋರ್ಡು ಓದಲು ಬರುವುದಿಲ್ಲ. ಈ ಕಾಗದವನ್ನೂ ಉರ್ದುವಿನಲ್ಲೇ ಬರೆಯುತ್ತಿದ್ದೇನೆ, ಬೇರೆ ಗತಿಯಿಲ್ಲ.

ಧಾರವಾಡದ ಕಡೆಯಿಂದ ಶಿವರಾಜಪ್ಪ ಎಂಬ ಹೊಸ ಮಾಸ್ತರ ನಮ್ಮ ಶಾಲೆಗೆ ಬಂದಿದ್ದಾನೆ. ಒಳ್ಳೆಯ ಹುಡುಗ, ಕಲಿಸುತ್ತೇನೆಂದು ತಾನಾಗಿಯೇ ಅಂದ. ಆದರೆ ನನ್ನ ಮಗನಿಗಿಂತ ಚಿಕ್ಕವನ ಮುಂದೆ, ಅದೂ ನಾನು ಪಾಠ ಹೇಳುವ ಮಕ್ಕಳು ಕಿಟಕಿಯಿಂದ ಇಣುಕುತ್ತಿರುವಾಗ, ಸ್ಲೇಟು ಹಿಡಿದು ಕೂರಲು ಮನಸ್ಸು ಒಪ್ಪಲಿಲ್ಲ. ನೀನಾದರೆ ನನ್ನ ಹುಡುಗ. ಭಾಲ್ಕಿಗೆ ಹೋದ ಮೇಲೆ ಕನ್ನಡ ಬರಹ ಕಲಿತೆಯಲ್ಲ, ಅದನ್ನು ನನಗೆ ಅಂಚೆಯಲ್ಲಿ ಕಲಿಸು.

ಕಲಿಯಲು ಹೊತ್ತಾದರೂ ಎಲ್ಲಿದೆ? ಮಗ ನಬೀಸಾಬನ ತಾಯಿ ತೀರಿಕೊಂಡ ಮೇಲೆ ಅಡುಗೆ ನನ್ನದೇ. ನಮಾಜು, ನೀರು, ರೊಟ್ಟಿ, ಶಾಲೆ, ಸಂಜೆ ಮಸೀದಿಯಲ್ಲಿ ಮಕ್ಕಳ ಪಾಠ. ಕಂದೀಲಿನ ಬೆಳಕಿಗೆ ಕಣ್ಣು ಸಾಲದು. ದಿನದಲ್ಲಿ ಒಂದು ತಾಸು ಬಿಡುವು ಹುಡುಕಿ ಹುಡುಕಿ ಸೋತೆ.

ನಬಿ ಹೈದರಾಬಾದಿನಿಂದ ಪ್ರತಿ ಕಾಗದದಲ್ಲೂ ಒಂದೇ ಮಾತು ಬರೆಯುತ್ತಾನೆ: ಅಬ್ಬಾ, ಅಲ್ಲಿ ನಿಮಗೆ ಯಾರಿದ್ದಾರೆ, ಬಂದುಬಿಡಿ. ಅವನ ತಾಯಿಯ ಗೋರಿ ಇಲ್ಲಿದೆ, ನನ್ನ ಶಾಲೆ ಇಲ್ಲಿದೆ. ನನಗೆ ಔರಾದು ಬಿಡಲು ಮನಸ್ಸಿಲ್ಲ ಜ್ಞಾನೇಶ್ವರ. ನೌಕರಿ ಹೋದರೆ ಉಳಿಯಲು ದಾರಿಯೂ ಇಲ್ಲ. ಮುಲಾಜು ಮಾಡದೆ ಹೇಳು, ಈ ವಯಸ್ಸಿನಲ್ಲಿ ಆಗುತ್ತದೆಯೇ?

ನಿನ್ನ ಹಿತ ಬಯಸುವ
ಅಬ್ದುಲ ಅಜೀಜ


ಭಾಲ್ಕಿ
೨ ಜುಲೈ ೧೯೫೦

ಉಸ್ತಾದರಿಗೆ ಜ್ಞಾನೇಶ್ವರನ ಆದಾಬು.

ನಿಮ್ಮ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸಂಕಟವಾಯಿತು. ಆಗುತ್ತದೆಯೇ ಎಂದು ನನ್ನನ್ನು ಕೇಳುತ್ತೀರಿ. ಕುರಿ ಕಾಯುವ ಧೊಂಡಿಬಾನ ಮಗ ಉರ್ದು ಬರೆಯುತ್ತಾನೆಂದರೆ ಆಗ ಇಡೀ ಔರಾದು ನಂಬಿರಲಿಲ್ಲ. ನೀವು ನಂಬಿದಿರಿ.

ನೀವು ಒಂದು ತಾಸು ಹುಡುಕುತ್ತಿದ್ದೀರಿ. ಅದು ಸಿಗುವುದಿಲ್ಲ, ಹುಡುಕುವುದನ್ನು ಬಿಟ್ಟುಬಿಡಿ. ಕುರಿಯ ಹಿಂದೆ ಹೋಗಬೇಕು, ಓದಲು ಹೊತ್ತಿಲ್ಲ ಎಂದು ನಾನು ಅತ್ತಾಗ ನೀವು ಅಂದದ್ದು ನನಗೆ ಇನ್ನೂ ನೆನಪಿದೆ: "ಕುರಿ ಮೇಯ್ತಾವಲಾ, ಆವಾಗ ನೀ ಏನ್ ಮೇಯ್ತೀ?" ಎಲ್ಲರೂ ನಕ್ಕರು. ಮಾರನೆಯ ದಿನದಿಂದ ನಾನು ತಖ್ತಿಯನ್ನು ಅಡವಿಗೆ ಒಯ್ದೆ. ಆ ಕಟ್ಟಿಗೆಯ ಹಲಗೆಗೆ ಬಿಳಿ ಮಣ್ಣು ಬಳಿದು, ಅದು ಒಣಗುವಷ್ಟರಲ್ಲಿ ಒಂದು ಶಬ್ದ ಬಾಯಿಪಾಠ, ಒಣಗಿದ ಮೇಲೆ ಬರೆಯುವುದು. ಓದೆಂದು ಬೇರೆ ಹೊತ್ತನ್ನು ನಾನು ಕಂಡೇ ಇಲ್ಲ.

ನಮ್ಮ ಅವ್ವನನ್ನು ನೋಡಿ. ನೂಲಬೇಕೆಂದೇ ಅವಳು ಕೂತದ್ದನ್ನು ನಾನು ನೋಡಿಲ್ಲ. ಕುರಿಯ ಹಿಂದೆ ನಡೆಯುವಾಗ, ಬಾವಿಯಲ್ಲಿ ಸರದಿ ಕಾಯುವಾಗ, ಪಕ್ಕದ ಮನೆಯವಳ ಜಗಳ ಕೇಳುವಾಗ, ಕೈ ತಾನಾಗಿ ತಿರುಗುತ್ತಿರುತ್ತದೆ. ಚಳಿಗಾಲ ಬರುವಷ್ಟರಲ್ಲಿ ಒಂದು ಕಂಬಳಿಗಾಗುವ ನೂಲು ಸಿದ್ಧ.

ಅದಕ್ಕೇ ಐದು ಅಕ್ಷರಗಳ ಒಂದು ಕಾರ್ಡು ಕಳಿಸಿದ್ದೇನೆ. ಪಕ್ಕದಲ್ಲಿ ಉಚ್ಚಾರವನ್ನು ಉರ್ದುವಿನಲ್ಲಿ ಬರೆದಿದ್ದೇನೆ. ಇದನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿ. ಒಂದು ರೊಟ್ಟಿ ಬೇಯುವಷ್ಟು ಹೊತ್ತು ಒಂದು ಅಕ್ಷರ ನೋಡಿ. ಮಕ್ಕಳು ಮಗ್ಗಿ ಒದರುವಾಗ ನಿಮಗೇನು ಕೆಲಸ? ಬೆರಳಿನಿಂದ ತೊಡೆಯ ಮೇಲೆ ಅದನ್ನೇ ತೀಡಿ. ಹೆಚ್ಚು ಬೇಡ, ಆದರೆ ಒಂದು ದಿನವೂ ಬಿಡಬೇಡಿ. ಹೀಗೆಲ್ಲ ಗುರುಗಳಿಗೆ ಹೇಳುವ ಕಾಲ ಬಂತು ನನಗೆ. ನೀವೇ ಕೇಳಿದಿರಿ, ಈಗ ಅನುಭವಿಸಿ.

ಅವ್ವಗೆ ನಮಸ್ಕಾರ ಹೇಳಿ. ಇಲ್ಲಿ ಗಾಡಿಯ ಮೇಲೆ ಗಾಡಿ, ತೊಗರಿ ಕಡಲೆಯ ಮೂಟೆ ಎಣಿಸಿ ಎಣಿಸಿ ಒಂದು ಗಳಿಗೆ ಪುರುಸೊತ್ತಿಲ್ಲ. ಸ್ವಲ್ಪ ಬಿಡುವಾದ ಮೇಲೆ ಅವಳಿಗೆ ಉದ್ದವಾದ ಕಾಗದ ಬರೆಯುತ್ತೇನೆ.

ನಿಮ್ಮ ಶಿಷ್ಯ
ಜ್ಞಾನೇಶ್ವರ


ಔರಾದ
೨೭ ಆಗಸ್ಟ್ ೧೯೫೦

ಬರ್ಖುರ್ದಾರನಿಗೆ ದುವಾ.

ಇದರೊಂದಿಗೆ ಇಟ್ಟ ಹಾಳೆಗಳನ್ನು ಹುಷಾರಾಗಿ ಬಿಚ್ಚು, ಮಡಿಕೆ ಬಿದ್ದಲ್ಲಿ ಮಸಿ ಒಡೆದೀತು. ನೋಡಿದೆಯಾ? ಇದು ನಿಮ್ಮ ಅ, ಇದು ಆ. ಮೂರನೆಯ ಹಾಳೆಯಲ್ಲಿ ಇ, ಈ. ಉ ಇನ್ನೂ ನನಗೆ ಪೂರ್ತಿ ಒಲಿದಿಲ್ಲ.

ನಿನ್ನ ಉಪಾಯ ಚೆನ್ನಾಗಿದೆ. ರೊಟ್ಟಿಯ ಹೊತ್ತು, ಮಗ್ಗಿಯ ಹೊತ್ತು, ಕೈಕಾಲು ತೊಳೆದು ವಜೂ ಮಾಡಿ ನಮಾಜಿನ ಜಮಾತಿಗೆ ಕಾಯುವ ಹೊತ್ತು, ಒಂದನ್ನೂ ಬಿಟ್ಟಿಲ್ಲ. ಆದರೆ ಅಕ್ಷರದ ಗುರುತು ಹತ್ತಿದರೆ ಸಾಕೇ? ಅದಕ್ಕೊಂದು ಅಂದ ಬೇಡವೇ? ನನ್ನ ಉಸ್ತಾದರು ಉರ್ದುವಿನ ಮೊದಲ ಅಕ್ಷರ ಅಲಿಫ್ ಒಂದನ್ನೇ ಒಂದು ಋತು ಪೂರ್ತಿ ಬರೆಸಿದ್ದರು. ಬಿದಿರಿನ ಕಲಮು ಹೊಸದಾಗಿ ಕೆತ್ತಿದೆ. ಕನ್ನಡದ ಗೆರೆಗಳೆಲ್ಲ ದುಂಡಗೆ, ಉರ್ದುವಿಗೆ ಕೆತ್ತುವ ಓರೆ ಇದಕ್ಕೆ ನಡೆಯುವುದಿಲ್ಲ. ಮೂರು ಕಲಮು ಹಾಳಾದ ಮೇಲೆ ಗೊತ್ತಾಯಿತು. ಅ ಅಕ್ಷರದ ಹೊಟ್ಟೆ ಎಷ್ಟು ಉಬ್ಬಬೇಕು, ಬಾಲ ಎಲ್ಲಿ ತೆಳುವಾಗಬೇಕು ಎಂಬುದು ಈಗ ನನ್ನ ಕೈಗೆ ಗೊತ್ತು. ಶಿವರಾಜಪ್ಪ ನೋಡಿ ಬೆರಗಾದ. ಇಷ್ಟು ಚೆಂದದ ಅ ತಾನು ಅಚ್ಚಿನಲ್ಲೂ ಕಂಡಿಲ್ಲ ಎಂದ. ಸುಳ್ಳು ಹೇಳುವ ಹುಡುಗನಲ್ಲ.

ನಿನ್ನ ತಾಯಿಗೂ ತೋರಿಸಿದೆ. ಹಾಳೆಯನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಚಂದ ಅದ ಮಾಸ್ತರ. ಮಲಕೊಂಡ ಟಗರಿನಂಗ ಅದ. ಖರೆ, ಇದು ಎದ್ದು ನಡೀತದ ಏನ್ರಿ?" ಎಂದಳು. ಅವಳಿಗೇನು ಗೊತ್ತು ಬಿಡು. ಅವಳು ಕೇಳಿದ್ದು ನಿನ್ನ ಉದ್ದದ ಕಾಗದ. ಅದು ಇನ್ನೂ ಬಂದಿಲ್ಲವಲ್ಲ.

ನಿನ್ನ
ಅಬ್ದುಲ ಅಜೀಜ


ಭಾಲ್ಕಿ
೧೦ ಸೆಪ್ಟೆಂಬರ್ ೧೯೫೦

ಉಸ್ತಾದರಿಗೆ ಆದಾಬು.

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ಮೂರನೆಯ ಸಲ ಹರಿಯದೆ ಕಳಿಸುತ್ತಿದ್ದೇನೆ. ಸಿಟ್ಟಾಗಬೇಡಿ.

ನಿಮ್ಮ ಅ ಚೆಂದವಾಗಿದೆ. ಸ್ಟೇಷನ್ನಿನಲ್ಲಿ ಎಲ್ಲರಿಗೂ ತೋರಿಸಿದೆ, ಗೋಡೆಗೆ ಅಂಟಿಸೋಣ ಎಂದರು. ಆದರೆ ಉಸ್ತಾದ, ಮಳೆಗಾಲ ಅರ್ಧ ಕಳೆಯಿತು, ನೀವು ಇನ್ನೂ ಉ ಹತ್ತಿರ ನಿಂತಿದ್ದೀರಿ. ಸ್ವರಗಳೇ ದಾಟಿಲ್ಲ. ವ್ಯಂಜನಗಳಿವೆ, ಕಾಗುಣಿತವಿದೆ, ಒತ್ತಕ್ಷರಗಳಿವೆ. ಈ ನಡಿಗೆಯಲ್ಲಿ ನೀವು ಳ ಮುಟ್ಟುವ ಹೊತ್ತಿಗೆ ನನ್ನ ತಲೆಗೂದಲು ಬೆಳ್ಳಗಾಗುತ್ತದೆ. ಪರೀಕ್ಷೆಯವರು ಅಕ್ಷರದ ಹೊಟ್ಟೆ ಅಳೆಯುವುದಿಲ್ಲ. ಓದಿಸುತ್ತಾರೆ, ಬರೆಸುತ್ತಾರೆ, ಕಳಿಸುತ್ತಾರೆ.

ಸಿಕ್ಕ ಸಣ್ಣ ಸಣ್ಣ ಹೊತ್ತನ್ನೆಲ್ಲ ಕೂಡಿಸಿದಿರಿ, ಕೂಡಿಸಿದ್ದನ್ನೆಲ್ಲ ಒಂದೇ ಅಕ್ಷರದ ಮೇಲೆ ಸುರಿದುಬಿಟ್ಟಿರಿ. ನೂಲು ಒಂದು ಕಡೆ ದಪ್ಪ ಬಂತೆಂದು ಅವ್ವ ಎಂದಾದರೂ ಹರಿದು ಮತ್ತೆ ನೂತದ್ದು ಕಂಡಿದ್ದೀರಾ? ಮುಂದಕ್ಕೆ ಹೋಗುತ್ತಾಳೆ. ಹೊದೆಯುವವನಿಗೆ ಆ ದಪ್ಪ ಗೊತ್ತೂ ಆಗುವುದಿಲ್ಲ.

ಕಲಮನ್ನು ಪೆಟ್ಟಿಗೆಯಲ್ಲಿಡಿ. ಸೀಸದ ಕಡ್ಡಿ ತೆಗೆದುಕೊಳ್ಳಿ. ಸೊಟ್ಟಗೆ ಬರೆಯಿರಿ, ಆದರೆ ಮುಂದೆ ಹೋಗಿ. ಉಳಿದ ಅಕ್ಷರ, ಕಾಗುಣಿತ ಎಲ್ಲದರ ಕಾರ್ಡುಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ನೀವು ಔರಾದು ಬಿಟ್ಟು ಹೋಗುವುದು ನನಗೆ ಬೇಡ. ಅದಕ್ಕೇ ಇಷ್ಟು ಬರೆದೆ.

ಜ್ಞಾನೇಶ್ವರ


ಔರಾದ
೨೯ ಅಕ್ಟೋಬರ್ ೧೯೫೦

ಜ್ಞಾನೇಶ್ವರನಿಗೆ.

ನಿನ್ನ ಕಾಗದಕ್ಕೆ ಉತ್ತರ ಕೊಡಲು ತಡವಾಯಿತು. ನೀನು ಬರೆದದ್ದರಲ್ಲಿ ತಪ್ಪಿಲ್ಲ. ತಪ್ಪಿಲ್ಲದ ಮಾತೂ ನೋಯಿಸುತ್ತದೆ, ಅಷ್ಟೇ.

ಎರಡು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ, ನಿಜಾಮರನ್ನು ಇಳಿಸಲು ಫೌಜು ಬಂದು ಹೋದ ಮೇಲಿನ ದಿನಗಳಲ್ಲಿ, ಇಲ್ಲಿ ಏನೇನಾಯಿತೆಂದು ನೀನು ಕೇಳಿಲ್ಲ, ನಾನೂ ಹೇಳಿಲ್ಲ. ಇನ್ನು ಮುಂದೆಯೂ ಹೇಳುವುದಿಲ್ಲ. ನಿನ್ನ ತಾಯಿಗೆ ಗೊತ್ತು, ಸಾಕು. ನನ್ನ ಪುಸ್ತಕಗಳು ಹೋದವು, ಮನೆಯ ಬಾಗಿಲು ಹೋಯಿತು, ನಬಿ ಊರು ಬಿಟ್ಟ. ಉಳಿದದ್ದು ಈ ಕೈ. ಇದು ಒಂದು ಅಕ್ಷರವನ್ನು ಚೆಂದಾಗಿ ಬರೆದಾಗ ಮಾತ್ರ ನಾನು ಮೊದಲಿನ ಅಬ್ದುಲ ಅಜೀಜ ಅನ್ನಿಸುತ್ತದೆ. ಸೊಟ್ಟಗೆ ಬರೆಯಿರಿ ಎಂದೆಯಲ್ಲ, ಅದು ನನ್ನಿಂದ ಆಗುವುದಿಲ್ಲ.

ಬರುತ್ತೇನೆಂದು ನಬಿಗೆ ಹೇಳಿಬಿಡಬೇಕೆಂದಿದ್ದೇನೆ. ಜೋಳದ ಸುಗ್ಗಿ ಮುಗಿದ ಮೇಲೆ ಹೊರಡುವುದು. ಆ ದಿನಗಳಲ್ಲಿ ನಿನ್ನ ತಾಯಿ ನನ್ನ ಮೈಮೇಲೆ ಹೊದಿಸಿದ ಕಂಬಳಿ ಇನ್ನೂ ನನ್ನ ಬಳಿಯೇ ಇದೆ. ಅವಳು ಕೇಳಿಲ್ಲ, ನಾನು ಕೊಟ್ಟಿಲ್ಲ. ಹೋಗುವ ಮುನ್ನ ಕೊಟ್ಟು ಹೋಗುತ್ತೇನೆ.

ಕಾರ್ಡುಗಳಿಗೆ ನೀನು ಪಟ್ಟ ಶ್ರಮಕ್ಕೆ ಶುಕ್ರಿಯಾ. ಪೆಟ್ಟಿಗೆಯಲ್ಲಿ ಹುಷಾರಾಗಿ ಇಟ್ಟಿದ್ದೇನೆ.

ಅಬ್ದುಲ ಅಜೀಜ


ಭಾಲ್ಕಿ
೧೨ ನವೆಂಬರ್ ೧೯೫೦

ಅವ್ವಗ ಜ್ಞಾನೇಶ್ವರನ ನಮಸ್ಕಾರ.

ಅವ್ವಾ, ನಾ ಆರಾಮ ಇದ್ದೀನಿ. ಇಲ್ಲಿ ಥಂಡಿ ಸುರು ಆಗ್ಯಾದ. ನೀ ನೂತ ನೂಲಿನ ಕಂಬಳಿ ಹೊದಕೊಂಡು ಬರೀಲತ್ತೀನಿ.

ಗಾಡಿ ಹೋದ ಮ್ಯಾಲ ಸ್ಟೇಶನ್ ಖಾಲಿ ಆಗ್ತದ. ಆವಾಗ ನಿನ್ನ ನೆನಪ ಭಾಳ ಆಗ್ತದ. ಇಲ್ಲಿ ಖಾನಾವಳ್ಯಾಗ ರೊಟ್ಟಿ ತಿಂದೆ. ನಿನ್ನ ಕೈ ರೊಟ್ಟಿ ಹಂಗ ಎಲ್ಲೂ ಇಲ್ಲ. ಇದನ್ನ ನಿನ್ನ ಸೊಸಿ ಲಲಿತಾಗ ಹೇಳಬ್ಯಾಡ.

ಅಪ್ಪ ಕುರಿ ಹೊಡಕೊಂಡು ತೆಲಂಗಾಣದ ಕಡಿ ಹೋದನೇನು? ನೀ ಒಬ್ಬಾಕಿನೇ ಮನ್ಯಾಗ ಇರಬ್ಯಾಡ. ಸಂಜಿಗಿ ಮಾಸ್ತರ ಮನಿಗಿ ಹೋಗಿ ಕೂಡು.

ಒಂದು ಸುದ್ದಿ ಅದ. ಲಲಿತಾ ಬಸರಿದ್ದಾಳ. ಯುಗಾದಿ ಹೊತ್ತಿಗಿ ಹಡೀತಾಳ. ಅಕಿಗಿ ತಾಯಿ ಇಲ್ಲ. ಶಿವರಾತ್ರಿ ಆದ ಮ್ಯಾಲ ನೀನೇ ಬರಬೇಕು. ಅಕಿ ಅಂಜತಾಳ. ನನಗೂ ಅಂಜಿಕಿ ಆಗ್ತದ.

ನಿನ್ನ ಮಗ
ಜ್ಞಾನಾ


ಔರಾದ
೩ ಡಿಸೆಂಬರ್ ೧೯೫೦

ಬದಮಾಷ ಜ್ಞಾನೇಶ್ವರನಿಗೆ ದುವಾ.

ಲಕೋಟೆಯ ಮೇಲೆ ಉರ್ದು, ಒಳಗೆ ಪೂರಾ ಕನ್ನಡ. ನನಗೊಂದು ಸಲಾಮೂ ಇಲ್ಲ. ನಿನ್ನ ಹಂಚಿಕೆ ನನಗೆ ತಿಳಿಯದೇ? ನಿನಗೆ ಮೂಗು ಒರೆಸಲು ಕಲಿಸಿದವನು ನಾನು.

ಅಂಚೆಯವನು ಎಂದಿನಂತೆ ಕಾಗದವನ್ನು ನನ್ನ ಕೈಗೇ ಕೊಟ್ಟ. ಜನಾಬಾಯಿ ಕದಿರು ಹಿಡಿದು ಬಂದು ಕೂತಳು. ಬಿಚ್ಚಿ ನೋಡಿದರೆ ನನ್ನ ಕಣ್ಣಿಗೆ ಕತ್ತಲು. ಇದು ಕನ್ನಡದಲ್ಲಿದೆ ತಂಗಿ, ಶಿವರಾಜಪ್ಪನ ಹತ್ತಿರ ಹೋಗು, ಒಂದೇ ಉಸಿರಿಗೆ ಓದಿ ಹೇಳುತ್ತಾನೆ ಎಂದೆ. ಅವಳು ಏಳಲಿಲ್ಲ. ನನ್ನ ಮಗನ ಕಾಗದ ಇಷ್ಟು ದಿನ ನೀವು ಓದಿದ್ದೀರಿ, ಈಗ ಬೇರೆಯವರ ಮನೆಗೆ ಯಾಕೆ ಒಯ್ಯಲಿ ಎಂದಳು. ನನಗೆ ಬರುವುದಿಲ್ಲ ಎಂದೆ. ಕೂತಿರುತ್ತೇನೆ, ಬಂದಷ್ಟು ಓದಿ ಎಂದಳು.

ನಿನ್ನ ಕಾರ್ಡುಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಚಾಪೆಯ ಮೇಲೆ ಹರವಿದೆ. ಮೊದಲ ಅಕ್ಷರ ನನ್ನ ಅ! ಅಲ್ಲಿಂದ ಮುಂದೆ ಒಂದೊಂದನ್ನೂ ಕಾರ್ಡಿನೊಂದಿಗೆ ಹೋಲಿಸಿ ಹೋಲಿಸಿ, ಬೆವರು ಒರೆಸಿಕೊಂಡು, ಮೊದಲ ಸಾಲು ಮುಗಿಸುವಷ್ಟರಲ್ಲಿ ಸಂಜೆಯ ಮಗ್ರಿಬ್ ನಮಾಜಿನ ಬಾಂಗು ಕೇಳಿಸಿತು. ಅವ್ವಗ ಜ್ಞಾನೇಶ್ವರನ ನಮಸ್ಕಾರ. ಅಷ್ಟೇ. ನನಗೆ ನಾಚಿಕೆಯಾಯಿತು. ಜನಾಬಾಯಿ ಮಾತ್ರ ಪಂಚಪಕ್ವಾನ್ನ ಉಂಡವಳ ಹಾಗೆ ಎದ್ದು, ನಾಳೆ ಬರುತ್ತೇನೆ ಎಂದು ಹೋದಳು.

ಹೀಗೆ ದಿನಾ ಬಂದಳು, ದಿನಾ ಒಂದು ಸಾಲು. ಬರುವ ಮುನ್ನ ಮುಂದಿನ ಸಾಲನ್ನು ಸ್ವಲ್ಪ ತಯಾರು ಮಾಡಿಕೊಳ್ಳಬೇಕಲ್ಲ, ಅದಕ್ಕೆ ರೊಟ್ಟಿಯ ಹೊತ್ತು, ಮಗ್ಗಿಯ ಹೊತ್ತು ಮತ್ತೆ ಕೆಲಸಕ್ಕೆ ಬಂದವು. ಕಲಮು ಕೆತ್ತುವುದಕ್ಕೆ ಎಲ್ಲಿಯ ಪುರುಸೊತ್ತು? ಅವಳು ಬಂದು ಎದುರಿಗೆ ಕೂರುತ್ತಾಳೆ, ನನಗೆ ಸಾಲು ಬರಬೇಕು, ಅಷ್ಟೇ. ರೊಟ್ಟಿಯ ಸಾಲಿಗೆ ಬಂದಾಗ ಅವಳು ನಗುತ್ತ, ಲಲಿತಾಗೆ ಹೇಳುವುದಿಲ್ಲ ಎಂದು ನನಗೇ ಆಣೆ ಮಾಡಿದಳು. ಆಮೇಲೆ, "ಈ ಸರ್ತಿ ಪೂರಾ ನನ್ನ ಮಗನ ಮಾತೇ ಅದ ನೋಡ್ರಿ. ಮೊದಲಿನ ಕಾಗದದಾಗ ನಿಮ್ಮ ಮಾತೂ ಕೂಡಿರ್ತಿತ್ತು," ಎಂದಳು. ನಾನು ತಲೆ ತಗ್ಗಿಸಿದೆ. ನಿನ್ನ ನಾಲ್ಕು ಸಾಲಿಗೆ ನಾನು ಬಾಯಿಂದ ಎರಡು ಸೇರಿಸುತ್ತಿದ್ದೆ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಲಲಿತಾ ಎಂಬ ಹೆಸರಿನ ಮುಂದಿನ ಶಬ್ದ ಬಿಡಿಸಲು ನನಗೆ ಒಂದು ಸಂಜೆ ಸಾಲಲಿಲ್ಲ. ಬ ಎಂದೆ, ಸ ಎಂದೆ, ರಿ ಎಂದೆ, ಮುಂದಿನ ಒತ್ತಕ್ಷರಕ್ಕೆ ತಡವರಿಸಿ ಕೂಡಿಸಲು ಆಗಲಿಲ್ಲ. ದಾರಿಯಲ್ಲಿ ಶಿವರಾಜಪ್ಪ ಹೋಗುತ್ತಿದ್ದ, ಕರೆಯಲೇ ಎಂದೆ. ಆಗ ಅವಳು ಹೇಳಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ: "ಬ್ಯಾಡ್ರಿ ಮಾಸ್ತರ. ಅಂವ ಓದಿದ್ರ ಗಳಿಗ್ಯಾಗ ಮುಗೀತದ. ನೀವು ಓದಿದ್ರ ನನ್ನ ಮಗ ದಿನಾ ಸಂಜಿಗಿ ಬಂದು ನನ್ನ ಸಂಗಟ ಕೂತು ಹೋಗ್ತಾನ್ರಿ."

ಮಾರನೆಯ ದಿನ ಆ ಶಬ್ದ ಬಿಡಿಸಿದೆ. ಬಸರಿ. ಕದಿರು ಅವಳ ಕೈಯಿಂದ ಬಿದ್ದು ಉರುಳಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ನಾನು ಕಾರ್ಡುಗಳನ್ನು ಜೋಡಿಸುತ್ತ ಕೂತೆ.

ಈಗ ಕಾಗದ ಮುಗಿದಿದೆ. ನಿನ್ನೆ ಅವಳು ಬಂದು ಬರಿಗೈಯಲ್ಲಿ ಕೂತು ಹೋದಳು. ಬೇಗ ಇನ್ನೊಂದು ಕಳಿಸು, ಈ ಸಲ ಉದ್ದ ಬರೆ. ನಬಿಗೆ ನಾನು ಇನ್ನೂ ಏನೂ ಬರೆದಿಲ್ಲ.

ನಿನ್ನ
ಅಬ್ದುಲ ಅಜೀಜ


ಭಾಲ್ಕಿ
೨೧ ಜನವರಿ ೧೯೫೧

ಉಸ್ತಾದರಿಗೆ ಆದಾಬು.

ಅವ್ವನ ಆ ಮಾತು ಓದಿ ಗೋದಾಮಿನ ಮೂಟೆಗಳ ಹಿಂದೆ ಹೋಗಿ ಅತ್ತೆ. ಹಮಾಲರು ನೋಡಿ ಊರಿನಿಂದ ಕೆಟ್ಟ ಸುದ್ದಿ ಬಂತೆಂದುಕೊಂಡರು. ನಿಮಗೆ ಕನ್ನಡ ಕಲಿಸಲೆಂದು ಅವ್ವಗೆ ಕಾಗದ ಬರೆದೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಅವಳು ಸಂಜೆಯೆಲ್ಲ ಹಾಗೆ ಕಾಯುತ್ತಿರುತ್ತಾಳೆಂದು ನನಗೆ ಹೊಳೆದಿರಲೇ ಇಲ್ಲ.

ಆಮೇಲೆ ಅವ್ವಗೆ ಬರೆದ ಕಾಗದಗಳು ತಲುಪಿವೆ ತಾನೆ? ಈಗ ವಾರ ತಪ್ಪುತ್ತಿಲ್ಲ ನೋಡಿ. ನಿಮಗೆ ಉಪದೇಶ ಮಾಡಿದವನಿಗೆ ಈಗ ಬುದ್ಧಿ ಬಂದಿದೆ. ಸಿಗ್ನಲ್ ಬಿದ್ದು ಗಾಡಿ ಕಾಣಿಸುವಷ್ಟರಲ್ಲಿ ಎರಡು ಸಾಲು, ಊಟದ ಡಬ್ಬಿ ಬರುವ ಮುನ್ನ ಒಂದು. ಒಂದು ಕಾಗದ ಬರೆಯಲು ಆರು ದಿನ ಹಿಡಿಯುತ್ತದೆ, ಆದರೆ ಒಂದು ದಿನವೂ ಅವ್ವ ಮರೆತು ಹೋಗುವುದಿಲ್ಲ.

ಪರೀಕ್ಷೆ ಶಿವರಾತ್ರಿಯ ಮುಂದಿನ ವಾರವೆಂದು ಬರೆದಿದ್ದೀರಿ. ಅವ್ವ ಹೇಗೂ ಆಗಲೇ ಬರಬೇಕು. ಇಬ್ಬರೂ ಕೂಡಿ ಬಸ್ಸಿನಲ್ಲಿ ಬೀದರಿಗೆ ಬನ್ನಿ. ನಾನು ಒಂದು ದಿನ ರಜೆ ಹಾಕಿ ಬಂದು, ನಿಮ್ಮನ್ನು ಪರೀಕ್ಷೆಗೆ ಬಿಟ್ಟು ಅವ್ವನನ್ನು ಭಾಲ್ಕಿಗೆ ಕರೆದುಕೊಂಡು ಹೋಗುತ್ತೇನೆ. ಒಂದೇ ಮಾತು: ಅಲ್ಲಿ ಯಾವುದಾದರೂ ಅಕ್ಷರ ಸೊಟ್ಟಗೆ ಬಂದರೆ ತಿದ್ದುತ್ತ ನಿಲ್ಲಬೇಡಿ.

ನಿಮ್ಮ
ಜ್ಞಾನೇಶ್ವರ


ಔರಾದ
೪ ಮಾರ್ಚ್ ೧೯೫೧

ಜ್ಞಾನಾ,

ನಾನು ನಿನ್ನವ್ವ ಬರ್ತೇವಿ. ಬೀದರ ಬಸ್ ನಿಲ್ಲೂ ಜಾಗಾದಾಗ ನಿಂದ್ರು. ರೊಟ್ಟಿ ಶೇಂಗಾ ಹಿಂಡಿ ಕಟಗೊಂಡು ಬರ್ತೇವಿ. ಈ ಕಾರ್ಡ ನಾನೇ ಬರ್ದೀನಿ. ನಗಬ್ಯಾಡ.

ಅಜೀಜ


ಭಾಲ್ಕಿ
೨೨ ಏಪ್ರಿಲ್ ೧೯೫೧

ಉಸ್ತಾದರಿಗೆ ಆದಾಬು.

ಯುಗಾದಿಯ ಮರುದಿನ ಹೆಣ್ಣು ಮಗು ಹುಟ್ಟಿತು. ಲಲಿತಾ, ಮಗು ಇಬ್ಬರೂ ಆರಾಮ. ಅವ್ವನ ಮೂಗು ಬಂದಿದೆ, ಹಟವೂ ಅವಳದೇ ಇರಬೇಕು, ಹಾಲು ತಡವಾದರೆ ಸ್ಟೇಷನ್ನಿಗೆ ಕೇಳಿಸುವ ಹಾಗೆ ಅಳುತ್ತದೆ.

ಪರೀಕ್ಷೆಯ ದಿನ ನೀವು ಹೊರಗೆ ಬರುವವರೆಗೆ ಅವ್ವ, ನಾನು ಅಲ್ಲೇ ಕಾದು ನಿಂತಿದ್ದೆವು. ಬರೆದೆ ಎಂದಿರಿ, ಸೀದಾ ಔರಾದಿನ ಬಸ್ಸು ಹತ್ತಿದಿರಿ. ಅಂದಿನಿಂದ ನಿಮ್ಮಿಂದ ಕಾಗದವಿಲ್ಲ. ಅವ್ವ ದಿನಾ ಕೇಳುತ್ತಾಳೆ, ನಾನೂ ಕಾಯುತ್ತಿದ್ದೇನೆ. ಏನಾದರೂ ಇರಲಿ, ತಿಳಿಸಿಬಿಡಿ.

ಅವ್ವ ಆಗಲೇ ಔರಾದು ಔರಾದು ಎನ್ನುತ್ತಿದ್ದಾಳೆ. ಬಾಣಂತನ ಮುಗಿಯುವವರೆಗಾದರೂ ಇರು ಎಂದರೆ, ಇಲ್ಲಿದ್ದೂ ನಿನ್ನ ಮುಖ ಕಾಣುವುದಿಲ್ಲ ಎನ್ನುತ್ತಾಳೆ. ಅದೂ ನಿಜ. ತೊಗರಿಯ ಮಾಲು ಹೆಚ್ಚಾಗಿದೆ, ನಾನು ಮನೆಗೆ ಹೋಗುವಷ್ಟರಲ್ಲಿ ಅವಳು ಮಲಗಿರುತ್ತಾಳೆ. ಒಂದೇ ಮನೆಯಲ್ಲಿದ್ದೇವೆ ಎಂದು ವಾರದ ಕಾಗದವೂ ನಿಂತಿದೆ.

ನಿಮ್ಮ
ಜ್ಞಾನೇಶ್ವರ


ಔರಾದ
೧೩ ಮೇ ೧೯೫೧

ಜ್ಞಾನಾ,

ಇದು ನಿನಗ ಬರ್ದ ಕಾಗದ ಅಲ್ಲ. ನಿನ್ನವ್ವಗ ಬರ್ದದ್ದು, ನೀ ಬರೇ ಓದಾಂವ. ಇಷ್ಟ ದಿನಾ ನಾ ಓದೀನಿ, ಈಗ ನಿನ್ನ ಪಾಳಿ. ಖರೆ ಒಂದೇ ಸರ್ತಿ ಓದಿ ಮುಗಸಬ್ಯಾಡ. ದಿನಾ ಒಂದೇ ಸಾಲ ಓದು. ಮಾಲು ದಿನಾ ಬರ್ತದ, ನಾಳಿನೂ ಬರ್ತದ. ಅಕಿ ಮಲಗೂದಕ್ಕಿಂತ ಮೊದಲ ಮನಿಗಿ ಹೋಗು. ಅಕಿ ಎದ್ರಿಗಿ ಕೂಡು. ಓದಿ ಗಡಬಡ ಏಳಬ್ಯಾಡ, ಅಕಿ ಕದರು ತಿರಗೂತನ ಕೂಡು. ಮುಂದಿನ ಸಾಲ ಕಳ್ಳತನದಿಂದ ನೀ ಓದಿದ್ರ ನನಗ ಗೊತ್ತಾಗ್ತದ.

ಜನಾಬಾಯಿ ತಂಗಿಗಿ ಅಜೀಜ ಮಾಸ್ತರನ ಸಲಾಮ.

ಮೊಮ್ಮಗಳು ಹುಟ್ಟಿದ ಸುದ್ದಿ ಕೇಳಿ ಸಾಲಿ ಹುಡುಗೂರಿಗಿ ಬೆಲ್ಲ ಹಂಚೀನಿ, ಶಿವರಾಜಪ್ಪ ಎರಡು ಸರ್ತಿ ಇಸಗೊಂಡ.

ಬೀದರದಾಗ ಮೊದಲ ಓದು ಅಂದ್ರು, ನನ್ನ ಎದ್ರಿಗಿ ನೀ ಕೂತಿದ್ದಿ ಅಂತ ತಿಳಕೊಂಡು ಓದ್ದೆ, ಅಂಜಿಕಿ ಬರ್ಲಿಲ್ಲ.

ಆಮ್ಯಾಲ ಯಾರಿಗಾದ್ರೂ ಒಂದು ಕಾಗದ ಬರಿ ಅಂದ್ರು, ನಾ ನಿನಗ ಬರ್ದೆ.

ಅಕ್ಷರ ಸಂಜಿಗಿ ಮನಿಗಿ ಬರೂ ಕುರಿ ಹಂಗ ಅಡ್ಡಾತಿಡ್ಡಿ ನಡದ್ವು, ಖರೆ ಒಂದೂ ಹಿಂದ ಉಳೀಲಿಲ್ಲ.

ಧೊಂಡಿಬಾ ಕುರಿ ಹೊಡಕೊಂಡು ವಾಪಸ ಬಂದಾನ, ನೀ ಯಾವಾಗ ಬರ್ತಿ ಅಂತ ಕೇಳ್ತಾನ, ಕಾಗದ ಮುಗದ ಮ್ಯಾಲ ಬರ್ತಾಳ ಅಂತ ಹೇಳೀನಿ.

ನಿನ್ನೆ ಹುಕುಂ ಬಂತು, ನಾ ಪಾಸ ಆಗೀನಿ, ಸಾಲಿ ಸುರು ಆದ್ರ ಸಣ್ಣ ಮಕ್ಕಳಿಗಿ ಅ ಆ ಕಲಸಾಂವ ನಾನೇ.

ನಬಿಗಿ ಬರ್ದೀನಿ, ನಾ ಬರಾಂಗಿಲ್ಲ, ನೀನೇ ಹೆಂಡ್ರು ಮಕ್ಕಳಿಗಿ ಕರಕೊಂಡು ಈದಿಗಿ ಬಾ ಅಂತ.

ತಂಗಿ, ನಿನ್ನ ಕಂಬಳಿ ನನ್ನ ಹತ್ರನೇ ಅದ, ವಾಪಸ ಕೊಡಾಂಗಿಲ್ಲ, ಬರೂ ಥಂಡೀನೂ ಔರಾದದಾಗೇ ಕಳೀಬೇಕಲ್ಲ.

ನಿನ್ನಣ್ಣ
ಅಬ್ದುಲ ಅಜೀಜ